ಪಿನ್ನಿನ ಡಬ್ಬಿ

ಹದಿನಾಲ್ಕು ವರ್ಷ ಆ ಎರಡು ಕಾಲು ನನ್ನ ಕೈಯಲ್ಲಿದ್ದವು.
ಕಟ್ಟಿಕೊಂಡವಳಿಗಿಂತ ನನಗೇ ಹೆಚ್ಚು ಗೊತ್ತು:
ಎಡ ಮೀನಖಂಡದೊಳಗೆ ಗೋಲಿಯಷ್ಟು ಗಂಟು,
ಬಲ ಮಂಡಿಯ ಕೆಳಗೆ ಹಲ್ಲಿ ಬಾಲದಂಥ ಕಲೆ.
ಔಡೆನಾರ್ಡೆಯ ಕಲ್ಲುಹಾಸು ಬರೆದದ್ದು,
ಮಾರ್ಚಿನ ಒಂದು ಜಡಿಮಳೆಯಲ್ಲಿ.

ಲೀವನ್ ಮೊದಲ ಸಲ ನನ್ನ ಮೇಜಿನ ಮೇಲೆ ಮಲಗಿದಾಗ
ಹತ್ತೊಂಬತ್ತರ ಹುಡುಗ. ನಾಚಿಕೆಗೆ ಗೋಡೆ ನೋಡುತ್ತಿದ್ದ.
ಕಟುಕನ ಮಗ; ಮಾಂಸ ನೋಡಿಯೇ ಬೆಳೆದವನು
ತನ್ನದನ್ನು ಮುಟ್ಟಿಸಿಕೊಳ್ಳಲು ಹೆದರಿದ.
‘ಗೋಡೆಲೀವ್, ನೋವು ಹೋಗುತ್ತಾ?’
‘ಹೋಗಲ್ಲ ಮಗಾ. ಜಾಗ ಬದಲಿಸುತ್ತೆ.’

ಆಮೇಲೆ ಗೆದ್ದ. ಗೆಲ್ಲುತ್ತಲೇ ಹೋದ.
ಪೇಪರಿನವರು ಸಿಂಹ ಎಂದರು.
ನಾನು ಕಂಡದ್ದು, ಬಚ್ಚಲ ನೆಲದಲ್ಲಿ ಕೂತು
ಮರಗಟ್ಟಿದ ಬೆರಳಲ್ಲಿ ಷೂ ಬಿಚ್ಚಲಾರದೆ
ನನ್ನನ್ನು ಕೂಗಿದವನನ್ನು.
ಮುಖವೆಲ್ಲ ಕೆಸರು, ಕನ್ನಡಕದಷ್ಟೇ ಬಿಳುಪು.

ಇಳಿಜಾರಿನ ಗಾಳಿಗೆ ಅಂಗಿಯೊಳಗೆ
ಹಳೇ ಪೇಪರು ತುರುಕಿಕೊಳ್ಳುತ್ತಿದ್ದ.
ಒಮ್ಮೆ ಅವನದೇ ಸುದ್ದಿಯ ಪುಟ.
ಸಂಜೆ ತೆಗೆದರೆ ಫೋಟೋ ಬೆವರಲ್ಲಿ ಕರಗಿ,
ಶಾಯಿ ಚರ್ಮಕ್ಕೆ ಹತ್ತಿ,
ಎದೆಯ ಮೇಲೆ ತಿರುಗುಮುರುಗಾಗಿ ಅವನ ಹೆಸರು.
ಸೋಪು ಹಾಕಿ ಉಜ್ಜಿದೆ. ಎರಡು ದಿನ ಹೋಗಲಿಲ್ಲ.

ಮೂವತ್ತೆರಡರ ಚಳಿಗಾಲದಲ್ಲಿ
ನನ್ನ ಹೆಬ್ಬೆರಳಿಗೆ ಮೊದಲು ತಿಳಿಯಿತು.
ಒತ್ತಿದರೆ ಎದುರೊತ್ತುತ್ತಿದ್ದ ತೊಡೆ
ಈಗ ಸುಮ್ಮನೆ ಒಪ್ಪಿಕೊಂಡಿತು.
ಬಾಯಿ ಬಿಡಲಿಲ್ಲ ನಾನು.
ಎಣ್ಣೆ ಕೊಂಚ ಹೆಚ್ಚು ಹಾಕಿದೆ.
ಹೇಳಬೇಕಿತ್ತೇನೋ.

ಕೊನೆಯ ಓಟ. ರಸ್ತೆಯಂಚಲ್ಲಿ ತಿಂಡಿಚೀಲ ಹಿಡಿದು ನಿಂತಿದ್ದೆ.
ಉಳಿದವರು ಕಸಿದುಕೊಂಡು ಹಾರಿಹೋದರು.
ಬಹಳ ಹೊತ್ತಿಗೆ ಇವನು ಬಂದ,
ಒಂದು ಕಾಲು ನೆಲಕ್ಕೂರಿದ.
ಹದಿನಾಲ್ಕು ವರ್ಷದಲ್ಲಿ ಆ ಜಾಗದಲ್ಲಿ ಅವನು ನಿಂತದ್ದು ಅದೇ ಮೊದಲು.
‘ಏನು ಹಾಕಿದ್ದೀಯ ಇವತ್ತು?’
ಅಕ್ಕಿಯ ಬಿಲ್ಲೆ, ಮೇಲೆ ದಾಲ್ಚಿನ್ನಿ. ಯಾವತ್ತಿನದೇ.
ಬೇಲಿಗೊರಗಿ ಪೂರ್ತಿ ತಿಂದ, ಬೆರಳು ನೆಕ್ಕಿದ.
ಹಿಂದುಳಿದವರನ್ನು ಎತ್ತಿಕೊಂಡು ಹೋಗುವ ವ್ಯಾನು
ಬಾಗಿಲು ತೆರೆದು ಕಾಯುತ್ತಿತ್ತು.
ಹಾರ್ನು ಮಾಡಲಿಲ್ಲ ಪುಣ್ಯಾತ್ಮ.

ಮೊನ್ನೆ ಮನೆಗೆ ಬಂದಿದ್ದ. ಚಡ್ಡಿ, ಗುಂಡಿ ಕಿತ್ತ ಸ್ವೆಟರು.
ಕಾಲ ತುಂಬ ಕಂದು ಕೂದಲು.
ಹಲ್ಲಿ ಬಾಲ ಹುಡುಕಿದೆ, ಸಿಗಲಿಲ್ಲ.
ಬಿಸ್ಕತ್ತಿನ ಡಬ್ಬಿಯೊಂದನ್ನು ಮೇಜಿನ ಮೇಲಿಟ್ಟ:
ಅವನ ಬೆನ್ನ ನಂಬರಿಗೆ ನಾನು ಚುಚ್ಚಿದ ಪಿನ್ನುಗಳು,
ಒಂದನ್ನೂ ಎಸೆದಿಲ್ಲ.
ಕಪ್ಪುಗಳೆಲ್ಲ ಅಪ್ಪನ ಅಂಗಡಿಯಲ್ಲಂತೆ, ಕತ್ತಿಗಳ ಪಕ್ಕ.
‘ಇವನ್ನು ಯಾರಿಗೆ ಕೊಡಲಿ?’

ತುಕ್ಕು ಹಿಡಿದದ್ದು ಒಂದು ಕಡೆ, ಹೊಳೆಯುವುದು ಒಂದು ಕಡೆ
ಆರಿಸುತ್ತ ಕೂತೆವು. ಕಾಫಿ ಆರಿತು.
ಹೊರಟಾಗ ಸ್ವೆಟರಿನ ಎದೆ ತೆರೆದೇ ಇತ್ತು, ಹೊರಗೆ ಥಂಡಿ.
ಪಿನ್ನೊಂದು ಹೆಕ್ಕಿ ‘ನಿಲ್ಲು’ ಅಂದೆ.

ಅವನು ತಿರುಗಿ ಬೆನ್ನು ಕೊಟ್ಟು ನಿಂತ.