ಬುಡ ನೋಡು

ಧೂಳಪ್ಪ ಸುಬೇದಾರನಿಗೆ ಹತ್ತಿರದ್ದು ಕಾಣಂಗಿಲ್ಲ.
ಆಕಾಶದಾಗಿನ ಹದ್ದಿನ ರೆಕ್ಕಿ ಎಣಿಸ್ತಾನ,
ಅಂಗೈಯಾಗಿನ ಗುಂಡಿನ ಸುಕ್ಕು ನೋಡ್ಲಾಕ ಚಾಳೀಸು ಹುಡುಕ್ತಾನ,
ಚಾಳೀಸು ಹುಡುಕ್ಲಾಕ ನನ್ನ ಕರೀತಾನ.

ಐತವಾರ. ಬಿಸಿಲು ಇನ್ನಾ ಗ್ವಾಡಿ ಇಳಿದಿಲ್ಲ.
ಹಿತ್ತಲ ಫರಸಿ ಮ್ಯಾಲ ಮೂರು ಡಬ್ಬಿ:
ಒಂದು ಡಾಲ್ಡಾ, ಒಂದು ಬಿಸ್ಕೀಟಿಂದು,
ಒಂದರ ಹೆಸರು ತಿಕ್ಕಿ ತಿಕ್ಕಿ ಹೋಗ್ಯದ.
"ಆರಿಸೋ ಕಂಪೋಜಿಟರ್, ಮೂವತ್ತಾರು ಸಾಕು.
ಬಹುಮಾನಕ್ಕಲ್ಲ, ಬರೇ ಮನಸ್ಸಿಗೆ."

ಡಾಲ್ಡಾದಾಗ ಹಳೆ ಟೆಲಿಫೋನ್ ಕೇಬಲ್ಲಿನ ಸೀಸ.
ಉಗುರು ಒತ್ತಿದರ ಗೀರು ಉಳೀತದ,
ಬೈದರ ಮನಸ್ಸಿಗೆ ಹಚ್ಕೊಳ್ಳೋ ಮಂದಿ ಹಂಗ.
ಬಿಸ್ಕೀಟಿನ ಡಬ್ಬ್ಯಾಗ ರಿಂಗ್ ರೋಡಿನ ಟೈರ್ ಅಂಗಡಿ ಮಾಲು,
ಗಾಲಿ ತೂಗಲಾರದಂಗ ಬಡಿಯೋ ತುಂಡು ಕರಗಿಸಿದ್ದು.
ಅದಕ್ಕೂ ಉಗುರು ನಾಟ್ತದ, ಆದ್ರ ಯೋಚನೆ ಮಾಡಿ.

ಒಂದೊಂದೇ ಉರುಳಿಸಿದೆ.
ಶಹಾಬಾದ್ ಕಲ್ಲು ಸುಳ್ಳು ಹೇಳಂಗಿಲ್ಲ,
ಕುಂಟಿದ್ದು ಕುಂಟ್ತದ.
"ಮೂತಿ ಸೊಟ್ಟದ, ಬಿಡು" ಅಂದ ಧೂಳಪ್ಪ.
ಮೂತಿ ಇರಲಿ ಮಾರಾಯ, ಬುಡ ನೋಡು.
ಬುಡದ ಅಂಚು ಒಡೆದಿದ್ರ
ನಳಿಗಿ ಬಿಟ್ಟ ಕೂಡ್ಲೇ ದಾರಿ ತಪ್ತದ,
ಮೂತಿ ಎಷ್ಟೇ ಚಂದಿರಲಿ.
ನಲವತ್ತು ವರ್ಷ ಒತ್ತಕ್ಷರ ಜೋಡಿಸಿದವನಿಗೆ
ಕೆಳಗಿನದ್ದರ ಬೆಲಿ ಗೊತ್ತದ.

ಮೂರನೇ ಡಬ್ಬಿ ಸುರುವಿದಾಗ ಸಪ್ಪಳ ಬ್ಯಾರೆ.
ಖಣ್ ಅಂತು.
ಬೆಳ್ಳಿ ಹಂಗ ಹೊಳೀತಿದ್ದವು, ಉಗುರು ಜಾರ್ತು.
"ಗಂಜಿನಾಗ ರದ್ದಿಯವ ಕೊಟ್ಟ, ಕಿಲೋ ಲೆಕ್ಕದಾಗ.
ಏನೋ ಪ್ರೆಸ್ಸಿಂದಂತ."
ಡಬ್ಬಿ ತಳದಾಗ ಕರಗದೆ ಉಳಿದದ್ದೊಂದು,
ಕಡ್ಡಿಯಷ್ಟು, ಕರ್ರಗ.
ನೋಡಲಿಲ್ಲ ನಾ. ಹೆಬ್ಬೆರಳು ತಾನೇ ಓದಿತು.
ತಕಾರದ ಒತ್ತು. ಹದಿನಾಲ್ಕು ಪಾಯಿಂಟು.
ಮಲ್ಹಾರರಾವ್ ಸಾಹುಕಾರರ ಮದುವಿ ಕಾರ್ಡಿನ ಅಕ್ಷರ.

ಎಷ್ಟು ಸಲ ಹಾಕೇನಿ ಇದನ್ನ, ಮುಹೂರ್ತದಾಗ ಅಲ್ಲ,
'ತಮ್ಮ ವಿಶ್ವಾಸಿಗಳು' ಅನ್ನೋದರ ಮ್ಯಾಲಿನ ಸಾಲಿನಾಗ:
'ಹತ್ತು ಗಂಟೆಗೆ', 'ಮತ್ತು', 'ಸುತ್ತಲಿನ ಬಂಧುಗಳು'.

"ಇದೇ ಹಾಕೋಣು, ನೋಡು ಹೆಂಗ ಮಿಂಚ್ತದ" ಅಂದ.
ಬ್ಯಾಡ ಅಂದೆ.
ನೀ ತುಂಬೋದು ಚಿಟಿಕಿ ಮದ್ದು.
ಇಷ್ಟು ಬಿರುಸಿನದು ನಳಿಗಿಗೆ ಮೈ ಕೊಡಂಗಿಲ್ಲ,
ಸಂದಿನಾಗ ಬೆಂಕಿ ನುಸುಳಿ ಒಳಗ ಸೀಸ ಬಳೀತದ,
ಆಮ್ಯಾಲ ಬ್ರಶ್ಶು ಹಿಡಿದು ಕೂಡೋದು ಯಾರು?
ಖರೆ ಮಾತು.
ಅರ್ಧ ಖರೆ.
ಸುಬೇದಾರ ನನ್ನ ಮಾರಿ ನೋಡಿದ,
ಹತ್ತಿರದ್ದು ಕಾಣದವ,
ಮೂರನೇ ಡಬ್ಬಿ ಮುಚ್ಚಳ ಹಾಕಿದ.

ಹಾಳು ಬಿದ್ದ ಖಣಿ. ಪರವಾನಗಿ ಬೋರ್ಡು, ಮರಳಿನ ಚೀಲ,
ಇಪ್ಪತ್ತು ಹೆಜ್ಜಿ ಆಚೆ ಕಾಗದ.
ಅವನ ಬತ್ತೀಸ್ ಬೋರಿನ ರಿವಾಲ್ವರು ವಯಸ್ಸಿನಾಗ ನನಗಿಂತ ಹಿರಿಯ.
"ಕುದುರಿ ಎಳೀಬಾರದು, ಒತ್ತಬೇಕು" ಅಂತ ಹೇಳ್ತಾ ಹೇಳ್ತಾ
ಒತ್ತಿದ.
ಕಿಸೆದಾಗ ನನ್ನ ಒತ್ತು ಬೆಚ್ಚಗಿತ್ತು.

ಚೂಪು ಮೂತಿದು ಕಾಗದ ಹರೀತದ, ಅಂಚು ಜಬ್ಬು.
ನಾ ಆರಿಸಿದ ಮೊಂಡ ಮೂತಿ ಕೊರೀತದ,
ಮಷೀನಿಲೆ ಹೊಡೆದಂಗ ದುಂಡಗ.
ಆರು ಹೊಡೆದ. ಕಾಗದ ತಂದ.
ಆರು ಸೊನ್ನಿ. ನಾಕು ಒತ್ತೊತ್ತಾಗಿ,
ಒಂದು ಅಂಚಿಗೆ, ಒಂದು ಯಾಕೋ ಸಿಟ್ಟಿಗೆದ್ದು ಮೂಲಿಗೆ.

ಹಿಂದ ಮುಂದ ತಿರುಗಿಸಿ ನೋಡಿದೆ, ಹಳೆ ಚಟ.
ಎಲ್ಲಾ ಅಕ್ಷರ ಉಲ್ಟಾ ಕಲಿತವ ನಾ,
ಕನ್ನಡಿಯಾಗಿನ ಕನ್ನಡ ಮೊದಲು, ಕಾಗದದ್ದು ಆಮ್ಯಾಲ.
ಸೊನ್ನಿ ಒಂದೇ ಎರಡೂ ಕಡೆ ಅದೇ.
ಆಚೆ ಬಿಸಿಲಿತ್ತು, ಆರರಾಗೂ ತುಂಬಿತ್ತು.

"ಎಷ್ಟು ಬಂತು?" ಅಂದ.
ಸೊನ್ನಿ ಅಂದೆ. ಬೈದ.

ಕೈ ಎರಡು ಸಲ ಸಬ್ಬುಣ ಹಚ್ಚಿ ತೊಳಕೊಂಡ್ವಿ,
ಸೀಸದ ಕೈಲೆ ಉಣಬಾರದು, ಪ್ರೆಸ್ಸಿನಾಗೂ ಅದೇ ಕಾನೂನಿತ್ತು.
ಸುಸಲಾ ಆರಿ ಹೋಗಿತ್ತು.
ಮೆಣಸಿನಕಾಯಿ ಮಾತ್ರ ಇನ್ನಾ ಖಾರ ಇತ್ತು.