ಹಲ್ಲಿಗೆ ಕೆಲಸ

ಶಿಡ್ಲಘಟ್ಟದಲ್ಲಿ ಮೆತ್ತನೆ ತಿನಿಸಿಗೆ ಬರವಿಲ್ಲ.
ನೂಲು ಬಿಚ್ಚಿದ ಮೇಲೆ ಬಾಂಡ್ಲಿಯ ತಳದಲ್ಲಿ
ಬೆಂದ ಹುಳು, ಬೊಗಸೆ ಬೊಗಸೆ.
ಅದನ್ನೇ ಹಾಕಿದೆ ಪಫರ್ ಮೀನಿಗೆ, ಮೂರು ತಿಂಗಳು.
ಹೊಟ್ಟೆ ಚೆಂಡಾಯಿತು. ನನಗೋ ಹೆಮ್ಮೆ.

ಒಂದು ದಿನ ಹುಳುವಿನ ಮುಂದೆ ಸುಮ್ಮನೆ ನಿಂತಿತು,
ನೋಡಿತು, ತಿನ್ನಲಿಲ್ಲ.
ಟಾರ್ಚ್ ಹಿಡಿದೆ: ಮೇಲಿನ ಹಲ್ಲು ಕೆಳಗಿನದನ್ನು ದಾಟಿ
ತನ್ನ ಬಾಯಿಗೆ ತಾನೇ ಅಗುಳಿಯಾಗಿತ್ತು.

‘ಮುದ್ದು ಮಾಡಿ ಕೆಡಿಸಿಬಿಟ್ರಿ ಮುಬೀನಕ್ಕ’
ಅಂದ ಮೀನಂಗಡಿ ಚೌಡಪ್ಪ.
ಲವಂಗದೆಣ್ಣೆಯ ನೀರಲ್ಲಿ ಅದನ್ನು ಮಲಗಿಸಿ
ಉಗುರು ಕತ್ತರಿಯಲ್ಲಿ ಚಿಟಕ್.
ಅಕ್ಕಿನುಚ್ಚಿನಷ್ಟು ಹಲ್ಲು ನನ್ನ ಅಂಗೈಮೇಲೆ.

ಈಗ ದಿನಾ ಮುಂಜಾನೆ ಗೌಡನಕೆರೆಯಂಚಲ್ಲಿ
ಬಸವನಹುಳು ಆಯುತ್ತೇನೆ.
ಈ ಬೆರಳುಗಳ ಗುರುತು ರೇಷನ್ ಅಂಗಡಿಯ ಯಂತ್ರಕ್ಕೆ ಸಿಗುವುದಿಲ್ಲ,
ಕುದಿನೀರು ಗೆರೆಗಳನ್ನೆಲ್ಲ ಸವೆಸಿದೆ.
ಚಿಪ್ಪಿನ ಸುರುಳಿ ಮಾತ್ರ, ಕೆಸರೊಳಗೂ,
ಚೆನ್ನಾಗಿ ತಿಳಿಯುತ್ತದೆ.

ಒಂದನ್ನು ತೊಟ್ಟಿಗೆ ಬಿಡುತ್ತೇನೆ.
ಮೀನಿನ ಒಂದು ಕಣ್ಣು ತಿರುಗುತ್ತದೆ,
ಆಮೇಲೆ, ನಿಧಾನಕ್ಕೆ, ಇನ್ನೊಂದು.

ಕಟಕ್.

ಗಾಜಿನಾಚೆಗೂ ಕೇಳುತ್ತದೆ.
ರೀಲಿಂಗ್ ಮೆಶಿನ್ನು ನಿಲ್ಲಿಸಿ ಕೇಳಬೇಕು, ಅಷ್ಟೆ.