ಇನ್ನೂ ಏಳದ ನೆಲ

ಫಿನ್ಲೆಂಡಿನ ಪಡುಗಡಲ ಕಡೆಯ ಊರು. ಏಪ್ರಿಲ್.
ಶಾಲೆಯ ಊಟದ ಕೋಣೆಯಲ್ಲಿ ಸಭೆ, ಬಾಗಿಲಲ್ಲಿ ಕೆಸರು ಹಿಮ.
ಆರು ಮೇಜು ಸೇರಿಸಿ ನಕ್ಷೆ ಹಾಸಿದೆ,
ಸುರುಳಿ ಸುತ್ತಿಕೊಳ್ಳದಿರಲೆಂದು ಮೂಲೆಗೊಂದು ಕಾಫಿ ಲೋಟ.
ನಡುವೆ ಕೆರೆ. ನಾನೇ ತುಂಬಿದ ನೀಲಿ
(ಕಿಟಕಿಯಾಚೆ ಅದಿನ್ನೂ ಬಿಳಿ).
ಸುತ್ತ ನಗರಸಭೆಯ ಜಾಗ, ಎಪ್ಪತ್ತೊಂದು ಹೆಕ್ಟೇರು, ತೆಳು ಹಳದಿ;
ನಮ್ಮ ಬಣ್ಣಗಳ ಭಾಷೆಯಲ್ಲಿ ಅದರರ್ಥ:
ಇನ್ನೂ ಏನೂ ಅಲ್ಲ.

ಬಂದವರಿಗೆಲ್ಲ ಅಂಟಿಸುವ ಬೊಟ್ಟು ಹಂಚಿದೆ.
ಹಸಿರಾದರೆ ಕಾಡು, ಕೆಂಪಾದರೆ ಮನೆ,
ಕಿತ್ತಳೆಯಾದರೆ ‘ಬೇರೆ ಏನಾದರೂ’.
ಐವತ್ತು ವರ್ಷದಾಚೆ ಈ ದಂಡೆ ಏನಾಗಿರಬೇಕು?
ಇಡಿ, ಒಬ್ಬರಿಗೆ ಮೂರು.

ರಾಯಿಮೊ ತನ್ನ ಮೂರೂ ಕೆಂಪನ್ನು ತೆಂಕಣ ದಡಕ್ಕೆ ಒತ್ತಿದ,
ಸಾಲಪತ್ರಕ್ಕೆ ಹೆಬ್ಬೆಟ್ಟು ಒತ್ತಿದ ಹಾಗೆ.
“ಮನೆ ಬಂದರೆ ತೆರಿಗೆ, ತೆರಿಗೆ ಬಂದರೆ ನಿನ್ನ ಸಂಬಳ.”
ಹೋಲ್ಗೆರ್ ಮೇಷ್ಟ್ರು ಅವುಗಳ ಮೇಲೆಯೇ ಹಸಿರು ಹಚ್ಚಿದರು:
ಕ್ರೌಂಚಗಳು ಇಳಿಯುವುದು ಅಲ್ಲೇ,
ತಿಂಗಳ ಕೊನೆಗೆ, ಯಾರನ್ನೂ ಕೇಳದೆ.
ಟೊಮೆಟೊ ಗಾಜಿನಮನೆಯ ಪಾಳಿ ಮುಗಿಸಿ ಬಂದ ಥೂಯ್
ಬಹಳ ಹೊತ್ತು ನಿಂತು ಒಂದೇ ಕಿತ್ತಳೆ ಇಟ್ಟಳು, ಕಾಲುವೆ ಪಕ್ಕ:
ಅಂಗೈಯಗಲ ಮಣ್ಣು, ಸೊಪ್ಪಿಗೆ.
ಮೇಲೆ ಗಾಜಿಲ್ಲದ ಮಣ್ಣು.

ಆಮೇಲೆ ಗುನ್ನೆಲಜ್ಜಿ. ಎಂಬತ್ತಾರು.
ಕನ್ನಡಕ ಹಣೆಗೇರಿಸಿ, ಎರಡು ಬೊಟ್ಟು ನನಗೆ ವಾಪಸು ಕೊಟ್ಟು,
ಉಳಿದ ಒಂದನ್ನು ಇಟ್ಟಳು
ನೀಲಿಯ ನಟ್ಟನಡುವೆ.

“ಅಜ್ಜಿ, ಅದು ನೀರು.”
“ಈಗ,” ಅಂದಳು.

ನನಗೂ ಗೊತ್ತಿರದ್ದೇನಲ್ಲ.
ಕೆರೆಯಾಗಿರಲಿಲ್ಲ ಇದು, ಕಡಲ ಕಂಕುಳಾಗಿತ್ತು.
ಹಿಮದ ಹೊರೆ ಇಳಿಸಿ ಹತ್ತು ಸಾವಿರ ವರ್ಷ,
ನೆಲದ ಬೆನ್ನು ಇನ್ನೂ ನೆಟ್ಟಗಾಗುತ್ತಲೇ ಇದೆ
ವರ್ಷಕ್ಕೆ ಕಿರುಬೆರಳ ಉಗುರಿನಷ್ಟು,
ಐವತ್ತು ವರ್ಷಕ್ಕೆ ಮೊಳಕ್ಕೆ ತುಸು ಕಡಿಮೆ.
ಅವಳಪ್ಪನ ದೋಣಿಮನೆಯಿಂದ ನೀರಿಗೆ ಈಗ ನಾನೂರು ಹೆಜ್ಜೆ;
ಹಗ್ಗ ಕಟ್ಟುತ್ತಿದ್ದ ಕಬ್ಬಿಣದ ಬಳೆಯೊಳಗಿಂದ
ಭೂರ್ಜದ ಮರವೊಂದು ತೂರಿ ಬೆಳೆದಿದೆ.
ಒತ್ತುವರಿ ಮಾಡಿದವರು ಯಾರೂ ಇಲ್ಲ ಇಲ್ಲಿ.
ನೀರೇ ಎದ್ದು ಜಾಗ ಬಿಟ್ಟಿದೆ,
ಬಸ್ಸಿನಲ್ಲಿ ಹಿರಿಯರಿಗೆ ಬಿಟ್ಟ ಹಾಗೆ.
ಬಿಟ್ಟ ಜಾಗ ನೀರಿನ ಒಡೆಯರಿಗೆ ಅನ್ನುತ್ತದೆ ಕಾನೂನು,
ಅಂದರೆ ನಗರಸಭೆಗೆ. ಆದರೆ
ಮುಂದೆ ಏಳಲಿರುವುದಕ್ಕೆ ಸರ್ವೆ ನಂಬರಿಲ್ಲ, ಬಣ್ಣವಿಲ್ಲ,
ತೆಳು ಹಳದಿಯೂ.

“ಏನೆಂದು ಬರೆಯಲಿ?”
“ಕಾಫಿ ಕೆಟಲು.”
ಅರವತ್ತೊಂದರ ಜುಲೈ. ರೂನಾರ್ ದೋಣಿಯಲ್ಲಿ ಎದ್ದು ನಿಂತು
ಕುಣಿದು ತೋರಿಸುತ್ತೇನೆ ಅಂದನಂತೆ. ತಾಮ್ರದ್ದು,
ಮದುವೆಗೆ ಅತ್ತೆ ಕೊಟ್ಟದ್ದು. ಸರಿಯಾಗಿ ಇಲ್ಲೇ ಮುಳುಗಿತು:
ಇಗರ್ಜಿಯ ಗೋಪುರ, ಆ ಬೋಳು ಬಂಡೆ, ನಡುವೆ.
ಕ್ರಿಸ್‌ಮಸ್ಸಿನ ತನಕ ಮಾತು ಬಿಟ್ಟಿದ್ದಳು ಅವನೊಡನೆ.
“ಆಗ ತಲೆ ಮುಳುಗುತ್ತಿತ್ತು, ಈಗ ಸೊಂಟದ ಮಟ್ಟ.
ಉಳಿದದ್ದು ನೆಲ ನೋಡಿಕೊಳ್ಳುತ್ತದೆ.
ಎತ್ತಿಕೊಳ್ಳಲು ಹೋಗುವವರಿಗೆ ದಾರಿ ಬೇಕಲ್ಲ, ಅದನ್ನು ಬರಿ.”

ರಾಯಿಮೊ ನಕ್ಕ. ನಕ್ಕವನೇ ಬಗ್ಗಿ
ಬೆರಳು ಮಡಚಿ ಏನೋ ಲೆಕ್ಕ ಹಾಕಿದ. “ನೂರು ವರ್ಷದ ಮೇಲಾಗುತ್ತದೆ.”
“ಅವಸರವಿಲ್ಲ.”
ಥೂಯ್ ಕೇಳಿದಳು, ಹಾಗೆ ಮೇಲೆ ಬಂದ ಮಣ್ಣಲ್ಲಿ
ಉಪ್ಪು ಎಷ್ಟು ವರ್ಷ ಇರುತ್ತದೆ?
ನನ್ನ ಬಳಿ ಉತ್ತರವಿರಲಿಲ್ಲ.
ಕಾಫಿ ಇತ್ತು, ಸುರಿದೆ.

ವರದಿ: ಹಸಿರು ನೂರ ಹನ್ನೆರಡು,
ಕೆಂಪು ಅರವತ್ತೈದು, ಕಿತ್ತಳೆ ಒಂಬತ್ತು.
ಅಮಾನ್ಯ, ಒಂದು.
ಗಡಿಗೆರೆಯಾಚೆಯ ಬೊಟ್ಟನ್ನು ಕಂಪ್ಯೂಟರು ಒಪ್ಪುವುದಿಲ್ಲ.

ಎಲ್ಲರೂ ಹೋದ ಮೇಲೆ, ಕುರ್ಚಿಗಳನ್ನು ಮೇಜಿನ ಮೇಲೆ ಕವುಚಿ,
ದೋಣಿಮನೆಯ ಮೆಟ್ಟಿಲಿಂದ ನೀಲಿಯೊಳಕ್ಕೆ
ತುಂಡು ತುಂಡಾದ ಗೆರೆಯೊಂದ ಎಳೆದೆ.
ನಮ್ಮ ಸಂಕೇತಗಳ ಪಟ್ಟಿಯಲ್ಲಿ ಅದು:
ಕಾಲುದಾರಿ, ಉದ್ದೇಶಿತ.

ಬೆಳಿಗ್ಗೆ ಮೇಲಧಿಕಾರಿ ಅದರ ಮೇಲೆ ಬೆರಳಾಡಿಸಿ ಕೇಳಿದರು,
“ಏನಿದು, ಸೇತುವೆಯೆ?”
ಅಲ್ಲ, ಅಂದೆ.